ಹುದಲಿಯ ನೂಲು, ಇಂದಿನ ಪ್ರಾಜೆಕ್ಟ್

ಪ್ರಾಜೆಕ್ಟ್ ಆಧಾರಿತ ಕಲಿಕೆ ಹೊರಗಿನಿಂದ ಬಂದ ಹೊಸ ಪದ್ಧತಿ ಎಂಬ ಮಾತು ಬೆಳಗಾವಿಯಲ್ಲೂ ಕೇಳಿಬರುತ್ತದೆ. ಅಮೆರಿಕದ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ‘ಪ್ರಾಜೆಕ್ಟ್ ಪದ್ಧತಿ’ ಕುರಿತು ಪ್ರಬಂಧ ಬರೆದದ್ದು ನಿಜ. ಆದರೆ ಕೆಲಸ ಮಾಡುತ್ತ ಕಲಿಯುವ ವಿಚಾರಕ್ಕೆ ಈ ಸೀಮೆಯ ನಂಟೂ ಇದೆ. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಭೆಗೆಂದು ಗಾಂಧೀಜಿ ಬಂದು ತಂಗಿದ್ದು ಗಂಗಾಧರರಾವ್ ದೇಶಪಾಂಡೆಯವರು ಖಾದಿ ಬೆಳೆಸಿದ ಹುದಲಿಯಲ್ಲಿ. ಅದೇ ವರ್ಷದ ಜುಲೈನಲ್ಲಿ ಅವರು ‘ಹರಿಜನ’ ಪತ್ರಿಕೆಯಲ್ಲಿ ಕೈಕಸುಬಿನಿಂದಲೇ ಮಗುವಿನ ಶಿಕ್ಷಣ ಆರಂಭವಾಗಲಿ ಎಂದು ಬರೆದರು. ಈ ವಿಚಾರವನ್ನೇ ಚರ್ಚಿಸಲು ಅಕ್ಟೋಬರ್‌ನಲ್ಲಿ ವಾರ್ಧಾ ಸಮ್ಮೇಳನ ನಡೆಯಿತು, ಡಿಸೆಂಬರ್‌ನಲ್ಲಿ ಅದು ನೇಮಿಸಿದ ಝಾಕಿರ್ ಹುಸೇನ್ ಸಮಿತಿಯ ವರದಿ ಬಂತು.

ಆ ವರದಿಯ ವೇಳಾಪಟ್ಟಿಯಲ್ಲಿ ದಿನಕ್ಕೆ 3 ಗಂಟೆ 20 ನಿಮಿಷ ಕಸುಬಿಗೆ ಮೀಸಲು. ಮಗುವನ್ನು ನೇಕಾರನನ್ನಾಗಿ ಮಾಡುವುದು ಅದರ ಗುರಿಯಾಗಿರಲಿಲ್ಲ. ಇತರ ವಿಷಯಗಳನ್ನೂ ಕಸುಬಿಗೆ ಹೆಣೆದೇ ಕಲಿಸಬೇಕಿತ್ತು. ಒಂದು ಲಡಿ ನೂಲಿಗೆ 640 ಸುತ್ತು, ಪ್ರತಿ ಸುತ್ತಿಗೆ 4 ಅಡಿ. ತಕಲಿ ತಿರುಗಿಸಿದ ಮಗು ತನ್ನ ನೂಲನ್ನು ತಾನೇ ಎಣಿಸಿದರೆ 2,560 ಅಡಿಯ ಗುಣಾಕಾರ ಬೆರಳಲ್ಲೇ ಬಂದುಬಿಡುತ್ತದೆ. ಹಂಜಿಯ ತೂಕ, ಹತ್ತಿ ಬೆಳೆಯುವ ಎರೆಮಣ್ಣು, ಮಿಲ್ಲುಗಳ ಚರಿತ್ರೆ ಎಲ್ಲವೂ ಆ ಒಂದೇ ಎಳೆ ಹಿಡಿದು ಬರುತ್ತವೆ. ಪ್ರಾಜೆಕ್ಟಿನ ಜೀವ ಇರುವುದು ಈ ಹೆಣಿಗೆಯಲ್ಲಿ.

ಆಕ್ಷೇಪಗಳೂ ಸಣ್ಣವಲ್ಲ. ಮಕ್ಕಳ ದುಡಿಮೆಯಿಂದ ಶಾಲೆಯ ಖರ್ಚು ಹುಟ್ಟಬೇಕೆಂಬ ಅಂಶವನ್ನು ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ವಾರ್ಧಾ ಸಮ್ಮೇಳನದಲ್ಲೇ ವಿರೋಧಿಸಿದರು. ಅವರು ಹೇಳಿದ್ದು ಸರಿ ಎಂದೇ ನನ್ನ ಎಣಿಕೆ. ಬಡವರ ಮಕ್ಕಳಿಗೆ ಚರಕ, ಉಳ್ಳವರ ಮಕ್ಕಳಿಗೆ ಇಂಗ್ಲಿಷ್ ಎಂಬ ಅನುಮಾನಕ್ಕೂ ಕಾರಣವಿತ್ತು. ಆದರೆ ಇವು ಲಾಭದ ಲೆಕ್ಕವನ್ನೂ ಸಮಾಜದ ತಾರತಮ್ಯವನ್ನೂ ಖಂಡಿಸುತ್ತವೆ, ಕೆಲಸದಿಂದ ಕಲಿಯುವ ಕ್ರಮವನ್ನಲ್ಲ. ಇನ್ನು ಪಠ್ಯ ಮುಗಿಯುವುದಿಲ್ಲ ಎಂಬ ದೂರು. ಪಾಠವೆಲ್ಲ ಮುಗಿದ ಮೇಲೆ ಅಂಕಕ್ಕಾಗಿ ಪ್ರಾಜೆಕ್ಟ್ ಕೊಟ್ಟರೆ ಅದು ಹೊರೆಯೇ ಆಗುತ್ತದೆ, ಮನೆಯಲ್ಲಿ ಅಪ್ಪ-ಅಮ್ಮ ಥರ್ಮಾಕೋಲ್ ಕತ್ತರಿಸುತ್ತ ಕೂರುತ್ತಾರೆ. ಪಾಠವೇ ಪ್ರಾಜೆಕ್ಟಿನೊಳಗೆ ನಡೆದರೆ ಎರಡು ಸಲ ಕಲಿಸುವ ಪ್ರಮೇಯವೇ ಇಲ್ಲ.

ಬೆಳಗಾವಿಯ ರಾಮತೀರ್ಥ ನಗರದ ಮಕ್ಕಳಿಗೆ ಈಗ ತಕಲಿಯೇ ಬೇಕೆಂದಿಲ್ಲ, ನೀರು ಸಾಕು. ನಗರಕ್ಕೆ ನೀರು ಬರುವುದು ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ಮನೆಯಲ್ಲಿ ದಿನಕ್ಕೆ ಎಷ್ಟು ಕೊಡ ಖರ್ಚಾಯಿತೆಂದು ಮಗು ಒಂದು ವಾರ ಬರೆದಿಡಲಿ, ತರಗತಿಯಲ್ಲಿ ಸರಾಸರಿ ತೆಗೆಯಲಿ, ಮಾರ್ಕಂಡೇಯ ನದಿಯ ನಕ್ಷೆ ಬಿಡಿಸಲಿ, ಪಾಲಿಕೆಗೆ ಒಂದು ಪತ್ರ ಬರೆಯಲಿ. ಶಿಕ್ಷಕರೇ, ಬರುವ ಜೂನ್‌ನಲ್ಲಿ ಪಾಠಯೋಜನೆ ಬರೆಯಲು ಕೂತಾಗ ಮೊದಲ ಪುಟದಲ್ಲೇ ಇದಕ್ಕೆ ಜಾಗ ಕೊಡಿ.