ಬೆಂಗಳೂರಿನ ವಿಮಾನಯಾನ ಸಂಸ್ಥೆಗಳ ಪೈಪೋಟಿ

ಬೆಂಗಳೂರಿನ ವಿಮಾನಯಾನ ಸಂಸ್ಥೆಗಳ ಪೈಪೋಟಿ ಎಂಬುದು ಮುಖ್ಯವಾಗಿ 2003 ಮತ್ತು 2012ರ ನಡುವೆ ಬೆಂಗಳೂರನ್ನು ಕೇಂದ್ರವಾಗಿ ಹೊಂದಿದ್ದ ಏರ್ ಡೆಕ್ಕನ್ ಮತ್ತು ಕಿಂಗ್‌ಫಿಶರ್ ಏರ್‌ಲೈನ್ಸ್ ಸಂಸ್ಥೆಗಳ ಸ್ಪರ್ಧೆ, ವಿಲೀನ ಹಾಗೂ ಅಂತ್ಯವನ್ನು ಸೂಚಿಸುತ್ತದೆ. ಒಂದು ಸಂಸ್ಥೆ ಅಗ್ಗದ ದರವನ್ನೂ ಮತ್ತೊಂದು ಐಷಾರಾಮಿ ಸೇವೆಯನ್ನೂ ನೆಚ್ಚಿಕೊಂಡಿದ್ದವು. ಈ ವ್ಯತ್ಯಾಸವು ಅವುಗಳ ಮುಖ್ಯಸ್ಥರ ವ್ಯಕ್ತಿತ್ವದಲ್ಲಿಯೂ ವಿಮಾನಗಳ ಬಣ್ಣವಿನ್ಯಾಸದಲ್ಲಿಯೂ ಕಾಣಿಸುತ್ತಿತ್ತು. ಇದೇ ಅವಧಿಯಲ್ಲಿ ನಗರದ ನಾಗರಿಕ ವಿಮಾನಯಾನವು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಗೆ ಸ್ಥಳಾಂತರಗೊಂಡಿತು. ಎರಡೂ ಸಂಸ್ಥೆಗಳು ಮರೆಯಾದರೂ, ಸ್ಥಳಾಂತರಕ್ಕೆ ಆಧಾರವಾದ ಒಪ್ಪಂದದ ಷರತ್ತುಗಳು ನಗರದ ವಿಮಾನಯಾನವನ್ನು ಇಂದಿಗೂ ನಿಯಂತ್ರಿಸುತ್ತಿವೆ.

ಹಿನ್ನೆಲೆ

ಭಾರತದಲ್ಲಿ 1953ರ ವಾಯುನಿಗಮಗಳ ಕಾಯ್ದೆಯ ಮೂಲಕ ವಿಮಾನಯಾನವು ರಾಷ್ಟ್ರೀಕರಣಗೊಂಡಿತ್ತು. ಈ ಕಾಯ್ದೆಯು 1994ರಲ್ಲಿ ರದ್ದಾದ ಬಳಿಕ ಖಾಸಗಿ ಸಂಸ್ಥೆಗಳಿಗೆ ನಿಗದಿತ ವೇಳಾಪಟ್ಟಿಯ ಸೇವೆ ನಡೆಸುವ ಅವಕಾಶ ದೊರೆಯಿತು. ಆರಂಭದಲ್ಲಿ ಹುಟ್ಟಿಕೊಂಡ ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ತ್ ಮೊದಲಾದ ಸಂಸ್ಥೆಗಳು ಕೆಲವೇ ವರ್ಷಗಳಲ್ಲಿ ಮುಚ್ಚಿಹೋದವು. 2003ರ ವೇಳೆಗೆ ದೇಶೀಯ ಮಾರುಕಟ್ಟೆಯಲ್ಲಿ ಸರ್ಕಾರಿ ಸ್ವಾಮ್ಯದ ಇಂಡಿಯನ್ ಏರ್‌ಲೈನ್ಸ್‌ಗೆ ಪ್ರತಿಯಾಗಿ ಜೆಟ್ ಏರ್‌ವೇಸ್ ಮತ್ತು ಏರ್ ಸಹಾರಾ ಎಂಬ ಎರಡು ದೊಡ್ಡ ಖಾಸಗಿ ಸಂಸ್ಥೆಗಳು ಉಳಿದಿದ್ದವು. ಪ್ರಯಾಣ ದರವು ಸಾಮಾನ್ಯರ ಕೈಗೆಟುಕುವಂತಿರಲಿಲ್ಲ.

ಏರ್ ಡೆಕ್ಕನ್

ಏರ್ ಡೆಕ್ಕನ್ನಿನ ಸ್ಥಾಪಕರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಭಾರತೀಯ ಭೂಸೇನೆಯಲ್ಲಿ ಅಧಿಕಾರಿಯಾಗಿದ್ದ ಅವರು 1971ರ ಯುದ್ಧದಲ್ಲಿ ಭಾಗವಹಿಸಿದ್ದರು. ಸೇನೆಯನ್ನು ಬಿಟ್ಟ ನಂತರ ಹಾಸನ ಜಿಲ್ಲೆಯಲ್ಲಿ ಕೃಷಿಯಲ್ಲಿ ತೊಡಗಿ, ಪರಿಸರಸ್ನೇಹಿ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. ಸೇನಾ ಸಹೋದ್ಯೋಗಿ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯೆಲ್ ಅವರೊಡನೆ ಕೂಡಿ ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರ್ ಬಾಡಿಗೆ ಸಂಸ್ಥೆಯನ್ನು ಸ್ಥಾಪಿಸಿದರು. ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರು ವಿಮಾನನೆಲೆ ಅದರ ಕಾರ್ಯಕ್ಷೇತ್ರವಾಗಿತ್ತು.

ಇದೇ ಕಂಪನಿಯು 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹೆಸರಿನಲ್ಲಿ ಪ್ರಯಾಣಿಕ ವಿಮಾನ ಸೇವೆಯನ್ನು ಆರಂಭಿಸಿತು. ಇದನ್ನು ಭಾರತದ ಮೊದಲ ಅಗ್ಗದರದ ವಿಮಾನಯಾನ ಸಂಸ್ಥೆ ಎಂದು ಪರಿಗಣಿಸಲಾಗುತ್ತದೆ. ಆರಂಭದಲ್ಲಿ 48 ಆಸನಗಳ ಎಟಿಆರ್ 42 ವಿಮಾನಗಳನ್ನು ಬಳಸಲಾಯಿತು. ಗಿರಕಿಯಂತ್ರಗಳ ಈ ಸಣ್ಣ ವಿಮಾನಗಳು ಕಡಿಮೆ ಉದ್ದದ ಓಡುಹಾದಿಯಲ್ಲಿ ಇಳಿಯಬಲ್ಲವು ಮತ್ತು ಕಡಿಮೆ ದೂರದ ಮಾರ್ಗಗಳಲ್ಲಿ ಕಡಿಮೆ ಇಂಧನ ಬಳಸುತ್ತವೆ. ಆದುದರಿಂದ ಹುಬ್ಬಳ್ಳಿ, ಮಂಗಳೂರು, ಮಧುರೈ, ವಿಜಯವಾಡದಂತಹ ಎರಡನೆಯ ಹಂತದ ನಗರಗಳನ್ನು ಮಹಾನಗರಗಳೊಂದಿಗೆ ಜೋಡಿಸುವುದು ಸಾಧ್ಯವಾಯಿತು. ಮಹಾನಗರಗಳ ನಡುವಣ ಮಾರ್ಗಗಳಿಗೆ 2004ರಿಂದ ಏರ್‌ಬಸ್ ಎ320 ವಿಮಾನಗಳನ್ನು ಸೇರಿಸಿಕೊಳ್ಳಲಾಯಿತು.

ಉಚಿತ ಊಟವನ್ನು ಕೈಬಿಡುವುದು, ಅಂತರಜಾಲದಲ್ಲಿ ಟಿಕೆಟ್ ಮಾರುವುದು, ವಿಮಾನವು ನೆಲದ ಮೇಲೆ ನಿಲ್ಲುವ ಅವಧಿಯನ್ನು ಕಡಿಮೆ ಮಾಡುವುದು ಇವು ವೆಚ್ಚ ತಗ್ಗಿಸುವ ಮುಖ್ಯ ಕ್ರಮಗಳಾಗಿದ್ದವು. ಕೆಲವು ಆಸನಗಳನ್ನು ಒಂದು ರೂಪಾಯಿ ಮೂಲ ದರಕ್ಕೆ ಮಾರಿದ್ದು ದೇಶದಾದ್ಯಂತ ಸುದ್ದಿಯಾಯಿತು. ಪ್ರತಿಯೊಬ್ಬ ಭಾರತೀಯನೂ ಜೀವನದಲ್ಲಿ ಒಮ್ಮೆಯಾದರೂ ವಿಮಾನದಲ್ಲಿ ಪ್ರಯಾಣಿಸಬೇಕೆಂಬುದು ಗೋಪಿನಾಥರ ಘೋಷಿತ ಗುರಿಯಾಗಿತ್ತು. ಸಂಸ್ಥೆಯ ಜಾಲವು 60ಕ್ಕೂ ಹೆಚ್ಚು ಊರುಗಳಿಗೆ ಹಬ್ಬಿತು. ಡೆಕ್ಕನ್ ಏವಿಯೇಷನ್ 2006ರಲ್ಲಿ ಸಾರ್ವಜನಿಕರಿಗೆ ಷೇರು ನೀಡಿತು. ಆದರೆ ಜಾಲ ಬೆಳೆದಂತೆ ವಿಳಂಬದ ದೂರುಗಳೂ ನಷ್ಟವೂ ಬೆಳೆದವು.

ಕಿಂಗ್‌ಫಿಶರ್ ಏರ್‌ಲೈನ್ಸ್

ಬೆಂಗಳೂರಿನ ಯುಬಿ ಸಮೂಹದ ಅಧ್ಯಕ್ಷ ವಿಜಯ್ ಮಲ್ಯ ಅವರು ಸ್ಥಾಪಿಸಿದ ಕಿಂಗ್‌ಫಿಶರ್ ಏರ್‌ಲೈನ್ಸ್ 2005ರ ಮೇ 9ರಂದು ಹೊಸ ಏರ್‌ಬಸ್ ಎ320 ವಿಮಾನಗಳೊಂದಿಗೆ ಹಾರಾಟ ಆರಂಭಿಸಿತು. ಪ್ರತಿ ಆಸನಕ್ಕೂ ದೂರದರ್ಶನದ ಪರದೆ, ಊಟ ಹಾಗೂ ಪ್ರಯಾಣಿಕರನ್ನು 'ಅತಿಥಿ' ಎಂದು ಕರೆಯುವ ಪದ್ಧತಿ ಇದರ ವಿಶೇಷಗಳಾಗಿದ್ದವು. ಪರದೆಯ ಮೇಲೆ ಸ್ವತಃ ಮಲ್ಯ ಅವರೇ ಪ್ರಯಾಣಿಕರನ್ನು ಸ್ವಾಗತಿಸುತ್ತಿದ್ದರು.

ಅದೇ ಮೇ ತಿಂಗಳಿನಲ್ಲಿ ಸ್ಪೈಸ್‌ಜೆಟ್, ನವೆಂಬರಿನಲ್ಲಿ ಗೋಏರ್, 2006ರ ಆಗಸ್ಟ್‌ನಲ್ಲಿ ಇಂಡಿಗೋ ಹಾರಾಟ ಆರಂಭಿಸಿದವು. ಹದಿನೈದು ತಿಂಗಳೊಳಗೆ ನಾಲ್ಕು ಹೊಸ ಸಂಸ್ಥೆಗಳು ಬಂದುದರಿಂದ ದರಗಳು ವೆಚ್ಚಕ್ಕಿಂತಲೂ ಕೆಳಗಿಳಿದವು. ಅನುಭವಿ ವಿಮಾನಚಾಲಕರಿಗೂ ನಿಲ್ದಾಣಗಳಲ್ಲಿ ವಿಮಾನ ನಿಲ್ಲಿಸುವ ಜಾಗಕ್ಕೂ ಕೊರತೆ ಉಂಟಾಯಿತು.

ವಿಲೀನ

2007 ಭಾರತೀಯ ವಿಮಾನಯಾನದಲ್ಲಿ ವಿಲೀನಗಳ ವರ್ಷವಾಗಿತ್ತು. ಏರ್ ಸಹಾರಾವನ್ನು ಜೆಟ್ ಏರ್‌ವೇಸ್ ಕೊಂಡುಕೊಂಡಿತು. ಏರ್ ಇಂಡಿಯಾ ಮತ್ತು ಇಂಡಿಯನ್ ಒಂದಾದವು. ಅದೇ ವರ್ಷ ಯುಬಿ ಸಮೂಹವು ಡೆಕ್ಕನ್ ಏವಿಯೇಷನ್ನಿನ ಶೇ. 26ರಷ್ಟು ಷೇರುಗಳನ್ನು ಸುಮಾರು 550 ಕೋಟಿ ರೂಪಾಯಿಗೆ ಖರೀದಿಸಿತು. ಬಳಿಕ ಮುಕ್ತ ಕೊಡುಗೆಯ ಮೂಲಕ ತನ್ನ ಪಾಲನ್ನು ಹೆಚ್ಚಿಸಿಕೊಂಡಿತು.

ಈ ಖರೀದಿಗೆ ಮಾರುಕಟ್ಟೆಯ ಪಾಲಿನ ಜೊತೆಗೆ ನಿಯಮಸಂಬಂಧಿ ಕಾರಣವೂ ಇತ್ತು. ಆಗಿನ ನಿಯಮದ ಪ್ರಕಾರ ದೇಶದೊಳಗೆ ಐದು ವರ್ಷ ಸೇವೆ ಸಲ್ಲಿಸಿ, 20 ವಿಮಾನಗಳನ್ನು ಹೊಂದಿದ ಸಂಸ್ಥೆ ಮಾತ್ರ ವಿದೇಶಗಳಿಗೆ ಹಾರಬಹುದಾಗಿತ್ತು. ಕಿಂಗ್‌ಫಿಶರ್ 2010ರವರೆಗೆ ಕಾಯಬೇಕಿತ್ತು. ಏರ್ ಡೆಕ್ಕನ್ನಿಗೆ 2008ರ ಆಗಸ್ಟ್‌ನಲ್ಲಿಯೇ ಐದು ವರ್ಷ ತುಂಬುತ್ತಿತ್ತು. ವಿಲೀನದ ನಂತರ 2008ರ ಸೆಪ್ಟೆಂಬರ್ 3ರಂದು ಕಿಂಗ್‌ಫಿಶರ್‌ನ ಮೊದಲ ಅಂತರರಾಷ್ಟ್ರೀಯ ವಿಮಾನವು ಬೆಂಗಳೂರಿನಿಂದ ಲಂಡನ್ನಿಗೆ ಹೊರಟಿತು. ಅಗ್ಗದರದ ವಿಭಾಗಕ್ಕೆ ಅದಕ್ಕೂ ಕೆಲವು ದಿನ ಮೊದಲು ಕಿಂಗ್‌ಫಿಶರ್ ರೆಡ್ ಎಂದು ಹೆಸರಿಡಲಾಯಿತು.

ಇಂಧನದ ಬೆಲೆ 2008ರಲ್ಲಿ ತೀವ್ರವಾಗಿ ಏರಿದಾಗ ಎರಡು ಬಗೆಯ ಸೇವೆಯನ್ನು ಒಂದೇ ಸಂಸ್ಥೆಯಲ್ಲಿ ನಡೆಸುವುದು ಕಷ್ಟವಾಯಿತು. ಒಂದೇ ಮಾದರಿಯ ವಿಮಾನ, ಒಂದೇ ದರ್ಜೆಯ ಆಸನಗಳನ್ನು ನೆಚ್ಚಿದ್ದ ಇಂಡಿಗೋ ಅಗ್ಗದರದ ಪ್ರಯಾಣಿಕರನ್ನು ಸೆಳೆದುಕೊಂಡಿತು. ಕಿಂಗ್‌ಫಿಶರ್ ರೆಡ್ ಸೇವೆಯನ್ನು ನಿಲ್ಲಿಸುವುದಾಗಿ 2011ರ ಸೆಪ್ಟೆಂಬರಿನಲ್ಲಿ ಪ್ರಕಟಿಸಲಾಯಿತು. ತಿಂಗಳುಗಟ್ಟಲೆ ವೇತನ ದೊರೆಯದೆ ನೌಕರರು ಮುಷ್ಕರ ಹೂಡಿದ ನಂತರ, 2012ರ ಅಕ್ಟೋಬರ್ 20ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಸಂಸ್ಥೆಯ ಪರವಾನಗಿಯನ್ನು ಅಮಾನತುಗೊಳಿಸಿತು. ಭಾರತೀಯ ಸ್ಟೇಟ್ ಬ್ಯಾಂಕ್ ನೇತೃತ್ವದ ಬ್ಯಾಂಕುಗಳ ಒಕ್ಕೂಟವು ಬಡ್ಡಿಸಹಿತ 9,000 ಕೋಟಿ ರೂಪಾಯಿಗೂ ಹೆಚ್ಚಿನ ಬಾಕಿಗಾಗಿ ಕಾನೂನು ಕ್ರಮ ಕೈಗೊಂಡಿತು. ಮಲ್ಯ ಅವರು 2016ರ ಮಾರ್ಚ್‌ನಲ್ಲಿ ಬ್ರಿಟನ್ನಿಗೆ ತೆರಳಿದರು.

ಬಣ್ಣವಿನ್ಯಾಸ

ಭಾರತದಲ್ಲಿ ನೋಂದಣಿಯಾದ ಪ್ರತಿಯೊಂದು ವಿಮಾನದ ಮೇಲೂ 'ವಿಟಿ' ಎಂದು ಮೊದಲಾಗುವ ನೋಂದಣಿ ಗುರುತು ಇರಬೇಕೆಂಬುದು ಕಡ್ಡಾಯ. ಉಳಿದ ಬಣ್ಣ, ಚಿತ್ರ, ಬರಹಗಳ ಆಯ್ಕೆ ಸಂಸ್ಥೆಯದು. ಅನೇಕ ಸಂಸ್ಥೆಗಳು ಒಡಲಿಗೆ ಬಿಳಿಯ ಬಣ್ಣವನ್ನೇ ಬಳಿಯುತ್ತವೆ. ಬಿಳಿಯು ಬಿಸಿಲನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ, ಬಿರುಕು ಹಾಗೂ ಸೋರಿಕೆಗಳು ಅದರ ಮೇಲೆ ಬೇಗ ಕಾಣಿಸುತ್ತವೆ. ಗುತ್ತಿಗೆಗೆ ಪಡೆದ ವಿಮಾನವನ್ನು ಹಿಂದಿರುಗಿಸುವಾಗ ಬಣ್ಣ ಬದಲಿಸುವುದೂ ಸುಲಭ.

ಏರ್ ಡೆಕ್ಕನ್ ನೀಲಿ ಮತ್ತು ಹಳದಿ ಬಣ್ಣಗಳನ್ನು ಬಳಸುತ್ತಿತ್ತು. ಜೋಡಿಸಿದ ಎರಡು ಅಂಗೈಗಳು ಹಾರುವ ಹಕ್ಕಿಯಂತೆ ತೋರುವ ಚಿತ್ರ ಅದರ ಲಾಂಛನವಾಗಿತ್ತು. ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರು ಸೃಷ್ಟಿಸಿದ 'ಕಾಮನ್ ಮ್ಯಾನ್' ಎಂಬ ಶ್ರೀಸಾಮಾನ್ಯನ ಪಾತ್ರವನ್ನು ಸಂಸ್ಥೆಯು ತನ್ನ ಪ್ರಚಾರದ ಪ್ರತೀಕವಾಗಿ ಅಳವಡಿಸಿಕೊಂಡಿತು. ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣರ ಈ ಪಾತ್ರವು ಚೌಕಳಿ ಅಂಗಿ, ಧೋತರ ಉಟ್ಟು ಮೌನವಾಗಿ ಎಲ್ಲವನ್ನೂ ನೋಡುವ ನಾಗರಿಕನದು. ವಿಮಾನದ ಹೊರಮೈಯನ್ನು ಜಾಹೀರಾತಿಗೆ ಬಾಡಿಗೆಗೆ ಕೊಟ್ಟು ಆದಾಯ ಪಡೆಯುವ ಕ್ರಮವನ್ನೂ ಏರ್ ಡೆಕ್ಕನ್ ಅನುಸರಿಸಿತು.

ಕಿಂಗ್‌ಫಿಶರ್ ವಿಮಾನಗಳ ಗುರುತು ಕೆಂಪು ಮತ್ತು ಬಿಳಿ. ಬಾಲದ ಮೇಲೆ ರೆಕ್ಕೆ ಬಿಚ್ಚಿದ ಮಿಂಚುಳ್ಳಿಯ ಚಿತ್ರವಿತ್ತು. ಇದೇ ಹೆಸರು ಮತ್ತು ಇದೇ ಹಕ್ಕಿ ಯುಬಿ ಸಮೂಹದ ಬಿಯರ್‌ನ ಗುರುತೂ ಆಗಿದ್ದವು. ಮದ್ಯದ ಜಾಹೀರಾತನ್ನು ದೂರದರ್ಶನ ವಾಹಿನಿಗಳಲ್ಲಿ ನಿಷೇಧಿಸಿರುವ ದೇಶದಲ್ಲಿ ವಿಮಾನದ ಬಣ್ಣವು ಪೇಯದ ಹೆಸರನ್ನೂ ಜನರ ಕಣ್ಣಿಗೆ ತರುತ್ತಿತ್ತು.

ವಿಲೀನವು ಪ್ರಯಾಣಿಕರ ಕಣ್ಣಿಗೆ ಮೊದಲು ಕಂಡದ್ದು ಬಣ್ಣದ ಮೂಲಕವೇ. 2007ರ ಅಕ್ಟೋಬರಿನಲ್ಲಿ ಏರ್ ಡೆಕ್ಕನ್ 'ಸಿಂಪ್ಲಿಫ್ಲೈ ಡೆಕ್ಕನ್' ಎಂದಾಯಿತು. ನೀಲಿ-ಹಳದಿಯ ಜಾಗಕ್ಕೆ ಕೆಂಪು-ಬಿಳಿ, ಅಂಗೈಗಳ ಜಾಗಕ್ಕೆ ಮಿಂಚುಳ್ಳಿ ಬಂದವು. ಮರುವರ್ಷ 'ಡೆಕ್ಕನ್' ಎಂಬ ಹೆಸರೂ ವಿಮಾನಗಳಿಂದ ಮರೆಯಾಯಿತು.

ವಿಮಾನ ನಿಲ್ದಾಣಗಳು

ಎರಡೂ ಸಂಸ್ಥೆಗಳು ಬೆಂಗಳೂರಿನಲ್ಲಿ ಹಾರಾಟ ಆರಂಭಿಸಿದ್ದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ. 1940ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಈ ನಿಲ್ದಾಣಕ್ಕೆ ಸುಮಾರು 3,300 ಮೀಟರ್ ಉದ್ದದ ಒಂದೇ ಓಡುಹಾದಿಯಿದೆ. ಅದನ್ನು ವಾಯುಪಡೆ ಮತ್ತು ಪರೀಕ್ಷಾರ್ಥ ಹಾರಾಟಗಳೊಂದಿಗೆ ಹಂಚಿಕೊಳ್ಳಬೇಕಿತ್ತು. ಅಗ್ಗದರದ ಪೈಪೋಟಿಯಿಂದ ಹೆಚ್ಚಿದ ದಟ್ಟಣೆಯನ್ನು ತಾಳುವ ಶಕ್ತಿ ಅದಕ್ಕಿರಲಿಲ್ಲ.

ನಗರದಿಂದ ಉತ್ತರಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿ, ದೇವನಹಳ್ಳಿಯ ಬಳಿ ಸುಮಾರು 4,000 ಎಕರೆ ಪ್ರದೇಶದಲ್ಲಿ ಹೊಸ ನಿಲ್ದಾಣದ ನಿರ್ಮಾಣವು 2005ರ ಜುಲೈನಲ್ಲಿ ಆರಂಭವಾಯಿತು. ಪ್ರಾಚೀನ ಬೌದ್ಧ ನೆಲೆಯ ಉತ್ಖನನದಿಂದ ಹೆಸರಾದ ರಾಜಘಟ್ಟವಿರುವ ದೊಡ್ಡಬಳ್ಳಾಪುರ ತಾಲ್ಲೂಕು ಇದರ ಪಶ್ಚಿಮದ ನೆರೆಯ ತಾಲ್ಲೂಕು. ನಿಲ್ದಾಣವನ್ನು ನಿರ್ಮಿಸಿದ ಬಿಐಎಎಲ್ ಸಂಸ್ಥೆಯಲ್ಲಿ ಆರಂಭದಲ್ಲಿ ಸೀಮೆನ್ಸ್ ಶೇ. 40, ಜ್ಯೂರಿಕ್ ವಿಮಾನ ನಿಲ್ದಾಣ ಸಂಸ್ಥೆ ಮತ್ತು ಲಾರ್ಸನ್ ಅಂಡ್ ಟೂಬ್ರೊ ತಲಾ ಶೇ. 17, ರಾಜ್ಯ ಸರ್ಕಾರದ ಕೆಎಸ್‌ಐಐಡಿಸಿ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ತಲಾ ಶೇ. 13ರಷ್ಟು ಪಾಲು ಹೊಂದಿದ್ದವು. ನಿಲ್ದಾಣ ಆರಂಭವಾದಾಗ ಆಲ್ಬರ್ಟ್ ಬ್ರೂನರ್ ಅದರ ಮುಖ್ಯ ಕಾರ್ಯನಿರ್ವಾಹಕರಾಗಿದ್ದರು.

ಕೇಂದ್ರ ಸರ್ಕಾರದೊಂದಿಗೆ 2004ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಪೈಪೋಟಿಯನ್ನು ತಡೆಯುವ ಎರಡು ಷರತ್ತುಗಳಿದ್ದವು. ಹೊಸ ನಿಲ್ದಾಣ ಆರಂಭವಾದೊಡನೆ ಎಚ್‌ಎಎಲ್ ನಿಲ್ದಾಣದಲ್ಲಿ ನಿಗದಿತ ವಾಣಿಜ್ಯ ಸೇವೆ ನಿಲ್ಲಬೇಕೆಂಬುದು ಮೊದಲನೆಯದು. 25 ವರ್ಷಗಳವರೆಗೆ 150 ಕಿ.ಮೀ. ವೈಮಾನಿಕ ಅಂತರದೊಳಗೆ, ಮೈಸೂರು ಮತ್ತು ಹಾಸನಗಳ ಹೊರತಾಗಿ, ಬೇರೆ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶವಿಲ್ಲವೆಂಬುದು ಎರಡನೆಯದು. ಹೈದರಾಬಾದಿನಲ್ಲಿಯೂ ಇದೇ ರೀತಿ ಬೇಗಂಪೇಟೆ ನಿಲ್ದಾಣವನ್ನು ಮುಚ್ಚಿ, 2008ರ ಮಾರ್ಚ್‌ನಲ್ಲಿ ಶಂಷಾಬಾದಿನ ನಿಲ್ದಾಣವನ್ನು ತೆರೆಯಲಾಯಿತು.

ಹಳೆಯ ನಿಲ್ದಾಣಗಳನ್ನು ಮುಚ್ಚುವುದನ್ನು ವಿರೋಧಿಸಿ ಪ್ರಾಧಿಕಾರದ ನೌಕರರು 2008ರ ಮಾರ್ಚ್‌ನಲ್ಲಿ ಮುಷ್ಕರ ನಡೆಸಿದರು. ಬೆಂಗಳೂರಿನಲ್ಲಿ ನಾಗರಿಕ ಸಂಘಟನೆಗಳೂ ಎರಡು ನಿಲ್ದಾಣಗಳು ಇರಲೆಂದು ಒತ್ತಾಯಿಸಿದವು. ಒಂದು ಗಂಟೆಯ ಹಾರಾಟಕ್ಕೆ ಎರಡು ಗಂಟೆಯ ರಸ್ತೆ ಪ್ರಯಾಣ ಸೇರಿದರೆ, ಹತ್ತಿರದ ಊರುಗಳ ವಿಮಾನ ಸೇವೆಯು ರೈಲು ಮತ್ತು ಬಸ್ಸುಗಳ ಎದುರು ನಿಲ್ಲಲಾರದೆಂಬುದು ಮುಖ್ಯ ವಾದವಾಗಿತ್ತು. ಷರತ್ತು ಬದಲಾಗಲಿಲ್ಲ. 2008ರ ಮೇ 24ರಂದು ಎಲ್ಲ ಸಂಸ್ಥೆಗಳ ನಿಗದಿತ ಸೇವೆಗಳು ದೇವನಹಳ್ಳಿಗೆ ಸ್ಥಳಾಂತರಗೊಂಡವು. ಈ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರಿಡಲಾಯಿತು.

ನಂತರದ ಬೆಳವಣಿಗೆ

ಕಿಂಗ್‌ಫಿಶರ್‌ನ ನಂತರವೂ ಬೆಂಗಳೂರಿನಲ್ಲಿ ಹೊಸ ಸಂಸ್ಥೆಗಳು ಹುಟ್ಟಿದವು. 2014ರ ಜೂನ್ 12ರಂದು ಏರ್‌ಏಷ್ಯಾ ಇಂಡಿಯಾ ತನ್ನ ಮೊದಲ ವಿಮಾನವನ್ನು ಬೆಂಗಳೂರಿನಿಂದ ಗೋವಾಕ್ಕೆ ಹಾರಿಸಿತು. ಈ ಸಂಸ್ಥೆಯು 2024ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ವಿಲೀನವಾಗಿ ಅದರ ಕೆಂಪು ಬಣ್ಣವೂ ಇತಿಹಾಸ ಸೇರಿತು. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2023ರಿಂದ ತನ್ನ ಹೊಸ ವಿಮಾನಗಳ ಬಾಲದ ಮೇಲೆ ಬಂಧನಿ, ಅಜ್ರಖ್ ಮೊದಲಾದ ಭಾರತೀಯ ಜವಳಿ ವಿನ್ಯಾಸಗಳನ್ನು ಚಿತ್ರಿಸುತ್ತಿದೆ. ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ 2015ರ ಏಪ್ರಿಲ್‌ನಲ್ಲಿ ಆರಂಭವಾದ ಏರ್ ಪೆಗಾಸಸ್ ಮರುವರ್ಷದ ಜುಲೈನಲ್ಲಿ ನಿಂತಿತು. 2019ರ ಜನವರಿಯಲ್ಲಿ ಆರಂಭವಾದ ಸ್ಟಾರ್ ಏರ್, ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ನೆರವಿನಿಂದ ಕಲಬುರಗಿಯಂತಹ ಊರುಗಳಿಗೆ ಸೇವೆ ನೀಡಿತು.

ಗೋಪಿನಾಥ್ ಅವರು 2009ರಲ್ಲಿ ಆರಂಭಿಸಿದ ಡೆಕ್ಕನ್ 360 ಸರಕು ಸಾಗಣೆ ಸಂಸ್ಥೆ ಹೆಚ್ಚು ಕಾಲ ಉಳಿಯಲಿಲ್ಲ. 2017ರ ಡಿಸೆಂಬರಿನಲ್ಲಿ ಉಡಾನ್ ಯೋಜನೆಯಡಿ ಮರಳಿ ಬಂದ ಏರ್ ಡೆಕ್ಕನ್ ಹೆಸರೂ 2020ರಲ್ಲಿ ಕೊನೆಗೊಂಡಿತು. ಅವರ ಆತ್ಮಕಥೆ 'ಸಿಂಪ್ಲಿ ಫ್ಲೈ'ಯಿಂದ ಪ್ರೇರಿತವಾದ 'ಸೂರರೈ ಪೋಟ್ರು' ಎಂಬ ತಮಿಳು ಚಲನಚಿತ್ರವು 2020ರಲ್ಲಿ ತೆರೆಕಂಡಿತು.

ಸಂಸ್ಥೆಗಳು ಬದಲಾದರೂ ದೇವನಹಳ್ಳಿಯ ನಿಲ್ದಾಣ ಬೆಳೆಯುತ್ತಲೇ ಹೋಯಿತು. ಎರಡನೆಯ ಓಡುಹಾದಿ 2019ರ ಡಿಸೆಂಬರಿನಲ್ಲಿ ಬಳಕೆಗೆ ಬಂದಿತು. ಎರಡನೆಯ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. 2023-24ರಲ್ಲಿ ಸುಮಾರು 3.75 ಕೋಟಿ ಪ್ರಯಾಣಿಕರು ಇದನ್ನು ಬಳಸಿದರು. ದಟ್ಟಣೆಯಲ್ಲಿ ಇದು ದೆಹಲಿ, ಮುಂಬಯಿಗಳ ನಂತರದ ಸ್ಥಾನದಲ್ಲಿದೆ.

ಪೈಪೋಟಿ ತಡೆಯುವ ಷರತ್ತಿನ ಅವಧಿ 2033ರ ಮೇ ತಿಂಗಳಿನಲ್ಲಿ ಮುಗಿಯುತ್ತದೆ. ಗಡಿಯಾಚೆಯ ಹೊಸೂರಿನಲ್ಲಿ 2,000 ಎಕರೆಯ ವಿಮಾನ ನಿಲ್ದಾಣ ನಿರ್ಮಿಸುವುದಾಗಿ ತಮಿಳುನಾಡು ಸರ್ಕಾರವು 2024ರ ಜೂನ್‌ನಲ್ಲಿ ಪ್ರಕಟಿಸಿತು. ಕರ್ನಾಟಕ ಸರ್ಕಾರವು ಬೆಂಗಳೂರಿನ ಎರಡನೆಯ ನಿಲ್ದಾಣಕ್ಕಾಗಿ ಕನಕಪುರ ರಸ್ತೆಯಲ್ಲಿ ಎರಡು ಹಾಗೂ ನೆಲಮಂಗಲ-ಕುಣಿಗಲ್ ರಸ್ತೆಯಲ್ಲಿ ಒಂದು ಸ್ಥಳವನ್ನು ಸೂಚಿಸಿತು. ಪ್ರಾಧಿಕಾರದ ತಂಡವು 2025ರ ಏಪ್ರಿಲ್‌ನಲ್ಲಿ ಇವುಗಳನ್ನು ಪರಿಶೀಲಿಸಿತು. ನಗರದ ದಕ್ಷಿಣ ಹಾಗೂ ಪಶ್ಚಿಮ ಭಾಗದ ಪ್ರಯಾಣಿಕರಿಗೆ 2008ರಲ್ಲಿ ತಪ್ಪಿದ ಎರಡು ನಿಲ್ದಾಣಗಳ ಆಯ್ಕೆಯು ಇವುಗಳ ಮೂಲಕ ಮತ್ತೆ ಚರ್ಚೆಗೆ ಬಂದಿದೆ.

ಇವನ್ನೂ ನೋಡಿ

- ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ
- ಎಚ್‌ಎಎಲ್ ವಿಮಾನ ನಿಲ್ದಾಣ
- ಜಕ್ಕೂರು ವಿಮಾನನೆಲೆ
- ಜಿ. ಆರ್. ಗೋಪಿನಾಥ್
- ದೇವನಹಳ್ಳಿ
- ರಾಜಘಟ್ಟ