ಚಾರ್ಮಾಡಿ ಘಾಟಿ: ಮಲೆನಾಡಿನಿಂದ ಕರಾವಳಿಗೆ ಇಳಿಯುವ ದಾರಿ

ಪಶ್ಚಿಮ ಘಟ್ಟಗಳನ್ನು ದಾಟಿ ಕರಾವಳಿಗೆ ಇಳಿಯುವ ಕರ್ನಾಟಕದ ಪ್ರಮುಖ ದಾರಿಗಳಲ್ಲಿ ಚಾರ್ಮಾಡಿ ಘಾಟಿಯೂ ಒಂದು. ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಿಂದ ಹೊರಡುವ ಈ ರಸ್ತೆ, 20ಕ್ಕೂ ಹೆಚ್ಚು ಕಿ.ಮೀ. ಸಾಗಿ ದಕ್ಷಿಣ ಕನ್ನಡ ಜಿಲ್ಲೆ ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ ಗ್ರಾಮವನ್ನು ತಲಪುತ್ತದೆ. ಇದು ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73ರ ಭಾಗ. ಹಿಂದೆ ಈ ಹೆದ್ದಾರಿಯ ಸಂಖ್ಯೆ 234 ಆಗಿತ್ತು. ಹಿಮಾಲಯದ ರೋಹತಾಂಗ್ ಕಣಿವೆಯ ಹಾದಿಯನ್ನು ಹಿಮ ಮುಚ್ಚುವಂತೆ, ಇಲ್ಲಿನ ಹಾದಿಯನ್ನು ಮುಚ್ಚುವುದು ಮಳೆ.

ಇತಿಹಾಸ

ಘಟ್ಟದ ಮೇಲಿನ ಮೂಡಿಗೆರೆ ಸೀಮೆ ಹೊಯ್ಸಳರ ಮೂಲನೆಲೆ. ಅವರ ಸೊಸೆವೂರು ಇಂದಿನ ಅಂಗಡಿ ಗ್ರಾಮ. 'ಮಲೆಪರೊಳ್ ಗಂಡ' ಎಂಬ ಅವರ ಬಿರುದೇ ಈ ಬೆಟ್ಟಗಾಡಿನ ನಂಟನ್ನು ಸಾರುತ್ತದೆ. ಘಾಟಿಗೆ ಸಮೀಪದ ಬಲ್ಲಾಳರಾಯನ ದುರ್ಗದಲ್ಲಿ ಹಳೆಯ ಕೋಟೆಯ ಅವಶೇಷಗಳಿವೆ.

1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಘಟ್ಟದ ಕೆಳಗಿನ ಕನ್ನಡ ಜಿಲ್ಲೆ ಬ್ರಿಟಿಷರ ವಶವಾಗಿ ಮದರಾಸು ಪ್ರಾಂತ್ಯಕ್ಕೆ ಸೇರಿತು. ಮೇಲಿನ ನಾಡು ಮೈಸೂರು ಸಂಸ್ಥಾನದಲ್ಲಿ ಉಳಿಯಿತು. ಹೀಗೆ ಒಂದೇ ಬೆಟ್ಟದ ತಲೆ ಮತ್ತು ಬುಡ ಎರಡು ಆಡಳಿತಗಳಿಗೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆ ಈ ಗಡಿಯನ್ನು ಅಳಿಸಿತು. ಗಡಿ ಇದ್ದಾಗಲೂ ವ್ಯವಹಾರ ನಿಂತಿರಲಿಲ್ಲ: ಕಾಫಿ, ಏಲಕ್ಕಿ ಮಂಗಳೂರಿನತ್ತ ಇಳಿದರೆ ಉಪ್ಪು, ಒಣಮೀನು ಘಟ್ಟ ಏರುತ್ತಿದ್ದವು. ಶಿವರಾತ್ರಿಯ ಸಮಯದಲ್ಲಿ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರಿಗೂ ಇದೇ ಹಾದಿ.

ಪ್ರಕೃತಿ

ಈ ಏಣು ಒಂದು ಜಲವಿಭಾಜಕ. ಪೂರ್ವದಲ್ಲಿ ಜಾವಳಿಯ ಬಳಿ ಹುಟ್ಟುವ ಹೇಮಾವತಿ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಯತ್ತ ಸಾಗಿದರೆ, ಪಶ್ಚಿಮದಲ್ಲಿ ಮೃತ್ಯುಂಜಯಾ ನದಿ ನೇತ್ರಾವತಿಯೊಡನೆ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ರಸ್ತೆಯ ಬದಿಯಲ್ಲೇ ಆಲೇಖಾನ್ ಮೊದಲಾದ ಜಲಪಾತಗಳು ಧುಮ್ಮಿಕ್ಕುತ್ತವೆ. ಹುಲ್ಲುಗಾವಲಿನ ನೆತ್ತಿ, ಕಣಿವೆಗಳಲ್ಲಿ ಶೋಲಾ ಕಾಡು, ಕೆಳಗಿಳಿದಂತೆ ದಟ್ಟ ನಿತ್ಯಹರಿದ್ವರ್ಣ ವನ, ಎಲ್ಲದರ ಮೇಲೆ ಮಂಜಿನ ತೆರೆ: ಇದು ಇಲ್ಲಿನ ನೋಟ.

ಕುಸಿತದ ಪಾಠ

ಕಡಲಿನಿಂದ ಬರುವ ತೇವಭರಿತ ಗಾಳಿ ಈ ಗೋಡೆಗೆ ತಾಗಿ ಮೇಲೇರಿ, ತಂಪಾಗಿ ಮಳೆಯಾಗುತ್ತದೆ. ಬಂಡೆಯ ಮೇಲಿನ ಮಣ್ಣು ನೀರುಂಡು ಭಾರವಾದಾಗ, ರಸ್ತೆಗಾಗಿ ಬುಡ ಕತ್ತರಿಸಿದ ಇಳಿಜಾರು ಜಾರುತ್ತದೆ. ಮೋರಿ ಕಟ್ಟಿಕೊಂಡರೆ ಅಪಾಯ ಇಮ್ಮಡಿ. ಶಿರಾಡಿ ಘಾಟಿ ಕಾಮಗಾರಿಗಾಗಿ ಮುಚ್ಚಿದ್ದ 2018ರಲ್ಲಿ ಅಲ್ಲಿನ ಸಂಚಾರವೂ ಇತ್ತ ತಿರುಗಿತ್ತು. ಆ ಜೂನ್‌ನಲ್ಲಿ ಗುಡ್ಡ ಕುಸಿದು ಪ್ರಯಾಣಿಕರು ರಾತ್ರಿಯಿಡೀ ಘಾಟಿಯಲ್ಲೇ ಕಳೆಯಬೇಕಾಯಿತು. 2019ರ ಆಗಸ್ಟ್‌ನಲ್ಲಿ ಹಲವೆಡೆ ರಸ್ತೆಯೇ ಕೊಚ್ಚಿಹೋಗಿ ಸಂಚಾರ ಸಂಪೂರ್ಣ ನಿಂತಿತು. ಮತ್ತೆ ತೆರೆದಾಗ ಮೊದಲು ಲಘು ವಾಹನಗಳಿಗಷ್ಟೇ ಅವಕಾಶವಿತ್ತು. ಅದೇ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಗ್ರಾಮಗಳ ಮನೆ-ತೋಟಗಳು ಮಣ್ಣುಪಾಲಾದವು.

ಘಾಟಿ ಮುಚ್ಚಿದರೆ ಪ್ರವಾಸಿಗನಿಗೆ ಒಂದು ನೋಟ ತಪ್ಪಬಹುದು. ಆದರೆ ಮೂಡಿಗೆರೆಯ ರೋಗಿಗೆ ಮಂಗಳೂರಿನ ಆಸ್ಪತ್ರೆಯೇ ದೂರವಾಗುತ್ತದೆ. ರಸ್ತೆ ಅಗಲವಾಗಬೇಕೆಂಬ ಬೇಡಿಕೆಯೂ ಬೆಟ್ಟವನ್ನು ಇನ್ನಷ್ಟು ಕಡಿಯಬಾರದೆಂಬ ಎಚ್ಚರಿಕೆಯೂ ಇಲ್ಲಿ ಜೊತೆಯಾಗಿಯೇ ಕೇಳಿಬರುತ್ತವೆ.

ಸಂದರ್ಶಕರಿಗೆ: ಮಳೆ ನಿಂತು ಹಸಿರು ಉಳಿದಿರುವ ಅಕ್ಟೋಬರ್‌ನಿಂದ ಡಿಸೆಂಬರ್ ಪ್ರಶಸ್ತ ಕಾಲ. ಮಳೆಗಾಲದಲ್ಲಿ ಹೊರಡುವವರು ಜಿಲ್ಲಾಡಳಿತದ ಪ್ರಕಟಣೆಯನ್ನು ಗಮನಿಸಿ, ಹಗಲಿನಲ್ಲೇ ಘಾಟಿ ದಾಟುವುದು ಕ್ಷೇಮ. ತಿರುವುಗಳಲ್ಲಿ ವಾಹನ ನಿಲ್ಲಿಸಬಾರದು. ಜಾರುವ ಬಂಡೆಗಳನ್ನು ಏರಬಾರದು. ಕೊಟ್ಟಿಗೆಹಾರದ ಬಿಸಿ ನೀರುದೋಸೆಯನ್ನು ಮಾತ್ರ ತಪ್ಪಿಸಿಕೊಳ್ಳಬಾರದು.