ತಟ್ಟೆಯ ಮೇಲೆ ಬರೆಯದ ಹೆಸರು

ಕೊಳವಳ್ಳಿಯ ಅಂಚಿನಲ್ಲಿ ನಿಂತರೆ ಕಬಿನಿಯ ಆಚೆ ದಡ ಕರ್ನಾಟಕ. ಈಚೆ ಕಾಳುಮೆಣಸು, ಕಾಫಿ, ಗದ್ದೆ, ಆಚೆ ಕಾಡು. ತೊಂಬತ್ತರ ದಶಕದ ಆರಂಭದಲ್ಲಿ ಒಂದು ಸಂಜೆ ಈ ಊರಿನ ಮನೆಯೊಂದರ ಅಂಗಳದಲ್ಲಿ ಕುಳಿತು, ಸ್ನೇಹಿತರಿಂದ ಎರವಲು ತಂದ ಟೇಪ್ ರೆಕಾರ್ಡರಿನಲ್ಲಿ ನಾನು ಕೆಲವು ಹಾಡುಗಳನ್ನು ತುಂಬಿಸಿಕೊಂಡಿದ್ದೆ. ಒಬ್ಬರು ಹಾಡಿದರು, ಇಬ್ಬರು ತುಡಿ ಬಡಿದರು, ಒಬ್ಬರು ಚೀನಿ ಎಂಬ ಊದುವಾದ್ಯ ನುಡಿಸಿದರು. ಆ ಕ್ಯಾಸೆಟ್ ಈಗಲೂ ನನ್ನ ಬಳಿ ಇದೆ. ಅದರ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ನಾನು ಬರೆದಿರುವುದು ಎರಡೇ ಪದ: 'ಕಾಡಿನ ಹಾಡು'.

ಈಚೆಗೆ ಆ ಕ್ಯಾಸೆಟನ್ನು ಮತ್ತೆ ಕೇಳಿದಾಗ ನನಗೆ ನಾಚಿಕೆಯಾಯಿತು. ತುಡಿಯ ಸದ್ದು ನಿನ್ನೆಯದೆಂಬಷ್ಟು ಸ್ಪಷ್ಟವಾಗಿದೆ. ಆದರೆ ಬಡಿದವರು ಯಾರು? ಹಾಡಿದವರ ಹೆಸರೇನು? ಭಾಷೆ ಯಾವುದು? ಊರಿನಲ್ಲಿ ವಿಚಾರಿಸಿದರೆ ಒಬ್ಬರು ಪಣಿಯರ ಹಾಡು ಎಂದರು, ಇನ್ನೊಬ್ಬರು ಅಡಿಯರದ್ದು ಎಂದರು. ಅಂದು ಅಂಗಳದಲ್ಲಿದ್ದ ಹಿರಿಯರಲ್ಲಿ ಈಗ ಯಾರೂ ಇಲ್ಲ. ಧ್ವನಿ ಉಳಿಯಿತು, ಹೆಸರು ಹೋಯಿತು. ಹೆಸರನ್ನು ಕಳೆದವರು ಬೇರೆ ಯಾರೂ ಅಲ್ಲ, ನಾನೇ.

ಧ್ವನಿಮುದ್ರಣದ ಚರಿತ್ರೆಯನ್ನು ಈ ಪ್ರಶ್ನೆಯ ಮೂಲಕವೇ ನೋಡಬಹುದು ಎಂದು ನನಗೆ ಅನಿಸುತ್ತದೆ. ತಟ್ಟೆಯ ಮೇಲೆ ಯಾರ ಹೆಸರು ಬರೆಯಲಾಯಿತು, ಯಾರದನ್ನು ಬಿಡಲಾಯಿತು? ಈ ವಿಷಯದಲ್ಲಿ ನಮಗೆ ಪಾಠ ಹೇಳಬಲ್ಲವರು, ಆಶ್ಚರ್ಯವೆನಿಸಿದರೂ, ಅಮೆರಿಕದ ಜಾಜ್ ಸಂಗೀತದ ಅಭಿಮಾನಿಗಳು.

ಜಾಜ್ ಅಮೆರಿಕದ ಆಫ್ರಿಕನ್ ಮೂಲದ ಜನರ ನಡುವೆ ಹುಟ್ಟಿದ ಸಂಗೀತ. ನಮ್ಮ ಸಂಗೀತದಂತೆ ಅದರಲ್ಲಿಯೂ ಮನೋಧರ್ಮವೇ ಪ್ರಧಾನ. ಒಂದು ರಾಗವನ್ನು ಇಬ್ಬರು ವಿದ್ವಾಂಸರು ಒಂದೇ ರೀತಿ ಹಾಡುವುದಿಲ್ಲ. ಹಾಗೆಯೇ ಒಂದು ಜಾಜ್ ಧಾಟಿಯನ್ನು ಇಬ್ಬರು ಒಂದೇ ರೀತಿ ನುಡಿಸುವುದಿಲ್ಲ. ಆದ್ದರಿಂದ ಯಾರು ನುಡಿಸಿದರು ಎಂಬುದು ತಿಳಿಯದಿದ್ದರೆ ಆ ಧ್ವನಿಮುದ್ರಿಕೆಯ ಅರ್ಧ ಚರಿತ್ರೆ ಹೋದಂತೆ. ಈ ಸಂಗೀತ ತಟ್ಟೆಗೆ ಬಂದ ಕಥೆಯಲ್ಲಿಯೇ ಹೆಸರಿನ ಅನ್ಯಾಯವೊಂದಿದೆ. ಮೊದಲ ಜಾಜ್ ತಟ್ಟೆ ಎಂದು ಪ್ರಸಿದ್ಧವಾದದ್ದು 1917ರ ಫೆಬ್ರವರಿ 26ರಂದು ನ್ಯೂಯಾರ್ಕಿನಲ್ಲಿ ಮುದ್ರಣಗೊಂಡಿತು; ನುಡಿಸಿದ ಐವರೂ ಬಿಳಿಯರು. ಆ ಸಂಗೀತವನ್ನು ಕಟ್ಟಿದ ಕರಿಯ ಜನರಲ್ಲಿ ಮುಖ್ಯರಾದ ಕಿಂಗ್ ಆಲಿವರ್ ಮತ್ತು ಅವರ ತಂಡದಲ್ಲಿದ್ದ ಯುವಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ವಾದನ ತಟ್ಟೆಗೆ ಬರಲು 1923ರವರೆಗೆ ಕಾಯಬೇಕಾಯಿತು.

ಹಳೆಯ 78ರ ತಟ್ಟೆಗಳ ಚೀಟಿಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಹಾಡಿನ ಹೆಸರು ಮತ್ತು ತಂಡದ ಯಜಮಾನನ ಹೆಸರು. ಉಳಿದವರು ಯಾರೆಂದು ತಿಳಿಯುವ ಹಂಬಲ ಅಭಿಮಾನಿಗಳಿಗೆ ಹುಟ್ಟಿತು. ತಟ್ಟೆಯ ನಡುಭಾಗದಲ್ಲಿ ಗೆರೆ ಮುಗಿಯುವ ಜಾಗದಲ್ಲಿ ಕಾಣುವ ಅಚ್ಚಿನ ಸಂಖ್ಯೆಯನ್ನು ಅವರು ಟಿಪ್ಪಣಿ ಮಾಡಿಕೊಂಡರು, ಬದುಕಿದ್ದ ವಾದಕರನ್ನು ಹುಡುಕಿ ಕೇಳಿದರು. 1936ರಲ್ಲಿ ಪ್ಯಾರಿಸ್ಸಿನ ಷಾರ್ಲ್ ದೆಲೋನೆ ಎಂಬವರು ಜಾಜ್ ಧ್ವನಿಮುದ್ರಿಕೆಗಳ ಒಂದು ಸೂಚಿಯನ್ನೇ ಪ್ರಕಟಿಸಿದರು. ಅದೇ ದಶಕದಲ್ಲಿ ನ್ಯೂಯಾರ್ಕಿನಲ್ಲಿ ತಟ್ಟೆಗಳ ಅಂಗಡಿ ಇಟ್ಟಿದ್ದ ಮಿಲ್ಟ್ ಗೇಬ್ಲರ್ ಎಂಬವರು ಅಂಗಡಿಗಳಿಂದ ಮಾಯವಾಗಿದ್ದ ಹಳೆಯ ತಟ್ಟೆಗಳನ್ನು ಮರುಮುದ್ರಿಸತೊಡಗಿದರು. ಮರುಮುದ್ರಣದ ಚೀಟಿಯಲ್ಲಿ ಅವರು ಯಜಮಾನನ ಹೆಸರಿನ ಜೊತೆಗೆ ಡ್ರಮ್ ಬಡಿದವನ, ಪಿಯಾನೊ ನುಡಿಸಿದವನ ಹೆಸರನ್ನೂ ಅಚ್ಚು ಹಾಕಿಸಿದರು. ಒಬ್ಬ ಅಂಗಡಿಕಾರ ಮಾಡಿದ ಈ ಸಣ್ಣ ಕೆಲಸ ಅನೇಕ ವಾದಕರನ್ನು ಮರೆವಿನಿಂದ ಎತ್ತಿತು.

ಈ ಅಭಿಮಾನಿಗಳ ಚರ್ಚೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ಎರಡು ಉದಾಹರಣೆಗಳು ಸಾಕು. 1945ರ ನವೆಂಬರ್ 26ರಂದು ಚಾರ್ಲಿ ಪಾರ್ಕರ್ ನುಡಿಸಿದ 'ಕೋ ಕೋ' ಎಂಬ ಪ್ರಸಿದ್ಧ ಮುದ್ರಣದಲ್ಲಿ ಪಿಯಾನೊ ವಾದಕನ ಹೆಸರು 'ಹೆನ್ ಗೇಟ್ಸ್' ಎಂದಿತ್ತು. ಅಂತಹ ವ್ಯಕ್ತಿಯೇ ಇರಲಿಲ್ಲ. ಅದು ಡಿಜ್ಜಿ ಗಿಲೆಸ್ಪಿ ಇಟ್ಟುಕೊಂಡ ಸುಳ್ಳು ಹೆಸರು. ಅಂದು ಗಿಲೆಸ್ಪಿ ಟ್ರಂಪೆಟ್ ಹಿಡಿದದ್ದು ಎಲ್ಲಿ, ಯುವಕ ಮೈಲ್ಸ್ ಡೇವಿಸ್ ಹಿಡಿದದ್ದು ಎಲ್ಲಿ, ಪಿಯಾನೊದ ಮುಂದೆ ಸಾದಿಕ್ ಹಕೀಂ ಯಾವಾಗ ಕುಳಿತರು ಎಂಬ ವಾದ ದಶಕಗಳ ಕಾಲ ನಡೆಯಿತು. ಎರಡನೆಯದು ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ'. ಮುದ್ರಣದ ದಿನ ಒಂದು ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ ತಟ್ಟೆಯ ಮೊದಲ ಬದಿಯ ಮೂರು ರಚನೆಗಳೂ ಕೇಳುವಾಗ ನಿಜಕ್ಕಿಂತ ಏರಿದ ಶ್ರುತಿಯಲ್ಲಿದ್ದವು. ಆ ತಟ್ಟೆಯ ಜೊತೆ ಕುಳಿತು ಅಭ್ಯಾಸ ಮಾಡಿದವರಿಗೆ ತಮ್ಮ ವಾದ್ಯದ ಶ್ರುತಿ ಅದಕ್ಕೆ ಕೂಡುತ್ತಿರಲಿಲ್ಲ. ತೊಂಬತ್ತರ ದಶಕದ ಮರುಮುದ್ರಣಗಳಲ್ಲಿ, ಅಂದರೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಅದನ್ನು ಸರಿಪಡಿಸಲಾಯಿತು.

ಮರುಮುದ್ರಣವೆಂದರೆ ಹಳೆಯ ಸರಕಿಗೆ ಹೊಸ ಹೊದಿಕೆ ಹಾಕಿ ಮಾರುವುದು ಎಂದು ನಾವು ತಿಳಿಯುತ್ತೇವೆ. ಹಾಗೆ ಮಾಡುವವರೂ ಇದ್ದಾರೆ. ಆದರೆ ಶ್ರದ್ಧೆಯಿಂದ ಮಾಡಿದ ಮರುಮುದ್ರಣ ಹಸ್ತಪ್ರತಿ ಸಂಪಾದನೆಗೆ ಸಮಾನ. ಪಾಠಾಂತರಗಳನ್ನು ನೋಡಿ, ತಪ್ಪನ್ನು ತಿದ್ದಿ, ಕರ್ತೃವಿನ ಹೆಸರನ್ನು ನಿರ್ಣಯಿಸುವ ಕೆಲಸ ಅದು.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಗ್ರಾಮಫೋನ್ ಕಂಪೆನಿಗಾಗಿ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದರು. ಆ ತಟ್ಟೆಗಳ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುವುದು ಕೇಳಿಸುತ್ತದೆ. ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಗಳಾಗಿ ಮರಳಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಯಾವುದು ಯಾರದೆಂದು ಗೊತ್ತಾಗಲೆಂದು ಈ ಪದ್ಧತಿ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಕಾರಣ ಏನೇ ಇರಲಿ, ಆಕೆಯ ಹೆಸರು ಧ್ವನಿಯ ಜೊತೆಗೇ ಉಳಿಯಿತು. ಚೀಟಿ ಹರಿದುಹೋದರೂ ಹೆಸರು ಹೋಗದು. ಆದರೆ ಹಿಂದೆ ಸಾರಂಗಿ ನುಡಿಸಿದವರು, ತಬಲಾ ಬಾರಿಸಿದವರು ತಮ್ಮ ಹೆಸರನ್ನು ಕೂಗಲಿಲ್ಲ. ಅವರನ್ನು ಯಾರೂ ಕೇಳಲೂ ಇಲ್ಲ. ಗೌಹರ್ ಜಾನ್ ಕೊನೆಗಾಲಕ್ಕೆ ಮೈಸೂರಿಗೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಆಶ್ರಯದಲ್ಲಿದ್ದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ನಮ್ಮ ಕಛೇರಿ ಸಂಪ್ರದಾಯದಲ್ಲಿ 'ಪಕ್ಕವಾದ್ಯ' ಎಂಬ ಪದವೇ ಒಂದು ಅಂತಸ್ತನ್ನು ಹೇಳುತ್ತದೆ. ಮುಖ್ಯ ಗಾಯಕರು ನಡುವೆ, ಉಳಿದವರು ಪಕ್ಕದಲ್ಲಿ. ಈ ಅಂತಸ್ತನ್ನು ಮೀರಿದವರಲ್ಲಿ ಪಿಟೀಲು ಟಿ. ಚೌಡಯ್ಯನವರ ಹೆಸರು ದೊಡ್ಡದು. ಕೊಳವಳ್ಳಿಯನ್ನು ದಾಟಿದ ಕಬಿನಿ ಕೊನೆಗೆ ಕಾವೇರಿಯನ್ನು ಸೇರುವುದು ತಿರುಮಕೂಡಲು ನರಸೀಪುರದಲ್ಲಿ. ಚೌಡಯ್ಯನವರದು ಆ ಸಂಗಮದ ಊರು. ದೊಡ್ಡ ಸಭೆಯಲ್ಲಿ ಹಿಂದೆ ಕುಳಿತವರಿಗೂ ಪಿಟೀಲು ಕೇಳಿಸಬೇಕೆಂದು ಅವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯದಾಗಿ ಮಾಡಿದರು. ಪಾಲಕ್ಕಾಡು ಸೀಮೆಯ ಚೆಂಬೈ ವೈದ್ಯನಾಥ ಭಾಗವತರ ಗಾಯನ, ಮೈಸೂರು ಸೀಮೆಯ ಚೌಡಯ್ಯನವರ ಪಿಟೀಲು, ಪಾಲಘಾಟ್ ಮಣಿ ಅಯ್ಯರ್ ಅವರ ಮೃದಂಗ, ಈ ಮೂರು ಕೂಡಿದ ಕಛೇರಿಯನ್ನು ನಮ್ಮ ಹಿರಿಯರು ನೆನೆಯುವಾಗ ಮೂರು ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಕನ್ನಡ ಯಾವುದು, ಕೇರಳ ಯಾವುದು ಎಂದು ಯಾರೂ ವಿಂಗಡಿಸಲಿಲ್ಲ. ಆದರೆ ಈ ಗೌರವ ಎಷ್ಟು ಜನ ಪಕ್ಕವಾದ್ಯದವರಿಗೆ ಸಿಕ್ಕಿತು?

ಪಶ್ಚಿಮ ಕರಾವಳಿಯ ಇನ್ನೊಂದು ಕಥೆಯೂ ಇಲ್ಲಿ ನೆನಪಾಗುತ್ತದೆ. ಗೋವೆಯ ವಾದಕರು ಮುಂಬಯಿ ಹೋಟೆಲುಗಳಲ್ಲಿ ಜಾಜ್ ನುಡಿಸುತ್ತಿದ್ದವರು. ಹಿಂದಿ ಚಿತ್ರಗೀತೆಗಳ ವಾದ್ಯಮೇಳಕ್ಕೂ ಅವರೇ ಆಧಾರ. ತಟ್ಟೆಯ ಮೇಲೆ ಸಂಗೀತ ನಿರ್ದೇಶಕರ ಹೆಸರು, ಗಾಯಕರ ಹೆಸರು, ಇವರದಲ್ಲ. ಪಿಟೀಲು ಕಲಿಸಿದ ಗುರು ಆಂತೋನಿ ಗೊನ್ಸಾಲ್ವಿಸ್ ಅವರ ಹೆಸರು 1977ರ 'ಅಮರ್ ಅಕ್ಬರ್ ಆಂತೋನಿ' ಚಿತ್ರದ ಹಾಡಿನ ಮೂಲಕ ದೇಶದ ಬಾಯಲ್ಲಿ ಉಳಿಯಿತು. ಚಿತ್ರದ ಸಂಗೀತ ನಿರ್ದೇಶಕರಲ್ಲಿ ಒಬ್ಬರಾದ ಪ್ಯಾರೇಲಾಲ್ ಅವರ ಶಿಷ್ಯರು. ಹಾಡಿದವರಿಗೆಲ್ಲ ಹೆಸರು ಗೊತ್ತು. ಅದೊಬ್ಬ ನಿಜವಾದ ಮನುಷ್ಯನ ಹೆಸರೆಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಈಗ ನಮ್ಮ ಕನ್ನಡನಾಡು ಜಾಜ್‌ನೊಡನೆ ನೇರವಾಗಿ ಕೂಡಿದ ಒಂದು ಧ್ವನಿಮುದ್ರಿಕೆಯನ್ನು ನೋಡಿ. ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಾಳವಾದ್ಯಗಳ ಶಾಲೆ. ಪಕ್ಕದಲ್ಲಿ ಕೂರುವವರದೇ ಒಂದು ಸಂಸ್ಥೆ. ಇವರೊಡನೆ ಬಾಸ್ಟನ್ ಮೂಲದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಸೇರಿದರು. ಮರಿಯಾನೊ ನಮ್ಮ ನಾಗಸ್ವರವನ್ನು ಅಭ್ಯಾಸ ಮಾಡಿದ್ದವರು. 1983ರಲ್ಲಿ ಜರ್ಮನಿಯಲ್ಲಿ ಮುದ್ರಿಸಿ ಇಸಿಎಂ ಎಂಬ ಅಲ್ಲಿನ ಸಂಸ್ಥೆ ಹೊರತಂದ ಇವರ ಧ್ವನಿಮುದ್ರಿಕೆಯ ಹೆಸರು 'ಜ್ಯೋತಿ'. ಅದರಲ್ಲಿ ಕಂಠ ಮತ್ತು ತಂಬೂರಿ ಆರ್.ಎ. ರಾಮಮಣಿ, ಮೃದಂಗ ಮಣಿ, ಘಟ, ಮೋರ್ಸಿಂಗ್ ಮತ್ತು ಕೊನ್ನಕ್ಕೋಲು ಆರ್.ಎ. ರಾಜಗೋಪಾಲ್, ಖಂಜಿರ ಮತ್ತು ಕೊನ್ನಕ್ಕೋಲು ಟಿ.ಎನ್. ಶಶಿಕುಮಾರ್, ಸ್ಯಾಕ್ಸೊಫೋನ್ ಮತ್ತು ಕೊಳಲು ಮರಿಯಾನೊ. ಇಷ್ಟನ್ನು ನಾನು ಇಲ್ಲಿ ನಿಸ್ಸಂಶಯವಾಗಿ ಬರೆಯಲು ಸಾಧ್ಯವಾದದ್ದು ಆ ಧ್ವನಿಮುದ್ರಿಕೆಯಲ್ಲಿ ಐವರ ಹೆಸರೂ ವಾದ್ಯಗಳ ಸಹಿತ ದಾಖಲಾಗಿರುವುದರಿಂದ. ಮರಿಯಾನೊ 2009ರಲ್ಲಿ, ಮಣಿ 2020ರಲ್ಲಿ ತೀರಿಕೊಂಡರು. ಇನ್ನು ಐವತ್ತು ವರ್ಷ ಕಳೆದ ಮೇಲೂ ಅದರಲ್ಲಿ ಘಟ ಬಾರಿಸಿದವರು ಯಾರೆಂದು ಯಾರೂ ಊಹಿಸಬೇಕಾಗಿಲ್ಲ.

ಜಾಜ್ ಲೋಕದ ಈ ಪದ್ಧತಿಯನ್ನು ನಮ್ಮ ಗಡಿನಾಡಿನ ಹಾಡುಗಳ ಪಕ್ಕದಲ್ಲಿ ಇಟ್ಟು ನೋಡಿದರೆ ನಮ್ಮ ಕೊರತೆ ಕಾಣುತ್ತದೆ. ಇಲ್ಲಿ ತೊಡಕು ಇನ್ನೂ ಒಂದು ಹೆಚ್ಚು. ವಯನಾಡಿನಲ್ಲಿ ಅಡಿಯರೆನಿಸಿಕೊಂಡವರು ಕೊಡಗಿನಲ್ಲಿ ಎರವರು. ತಮ್ಮೊಳಗೆ ಅವರು ರಾವುಳರು. ಒಂದೇ ಜನಾಂಗದ ಒಂದೇ ಹಾಡು ಕೇರಳದ ಕ್ಯಾಸೆಟಿನಲ್ಲಿ ಒಂದು ಹೆಸರಿನಲ್ಲಿ, ಕರ್ನಾಟಕದ ಕ್ಯಾಸೆಟಿನಲ್ಲಿ ಇನ್ನೊಂದು ಹೆಸರಿನಲ್ಲಿ ಇರಬಹುದು. ಮುಂದೆ ಸೂಚಿ ಮಾಡುವವನು ಅವನ್ನು ಎರಡು ಜನಾಂಗದ ಎರಡು ಹಾಡೆಂದು ಬರೆದುಬಿಡುತ್ತಾನೆ. ಹಾಡಿದವರ ಹೆಸರೂ ಹಾಗೆಯೇ: ಕನ್ನಡದ ಚೀಟಿಯಲ್ಲಿ ಕಾಳ, ಮಲಯಾಳದ ಚೀಟಿಯಲ್ಲಿ ಕಾಳನ್. ಅಡಿಯರ ಗದ್ದಿಕವನ್ನು ಹೊರಲೋಕಕ್ಕೆ ಪರಿಚಯಿಸಿದ ಪಿ.ಕೆ. ಕಾಳನ್ (ನಿಧನ 2007) ಅವರಂತೆ ಹೆಸರು ಉಳಿಸಿಕೊಂಡವರು ಬೆರಳೆಣಿಕೆಯವರು. ಅವರ ಹಿಂದೆ ತುಡಿ ಹಿಡಿದು ನಿಂತವರೂ ಕಲಾವಿದರೇ ಅಲ್ಲವೇ?

ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಧ್ವನಿಮುದ್ರಣದ ಯಂತ್ರವಿದೆ. ಹಬ್ಬದ ದಿನ, ಮದುವೆಯ ದಿನ ತುಡಿಯ ಸುತ್ತ ಹತ್ತು ಮೊಬೈಲುಗಳು ಮೇಲೇಳುತ್ತವೆ. ಮುದ್ರಣಕ್ಕೆ ಬರ ಇಲ್ಲ, ಚೀಟಿಗೆ ಬರ. ನಾನು ಮೂವತ್ತು ವರ್ಷದ ಹಿಂದೆ ಮಾಡಿದ ತಪ್ಪನ್ನು ಈಗ ನೂರು ಜನ ದಿನವೂ ಮಾಡುತ್ತಿದ್ದಾರೆ.

ಆದ್ದರಿಂದ ಕನ್ನಡದಲ್ಲಿ ಓದುವವರಿಗೂ ಮಲಯಾಳದಲ್ಲಿ ಓದುವವರಿಗೂ ನನ್ನದೊಂದು ವಿನಂತಿ. ಹಾಡನ್ನು ಮುದ್ರಿಸುವ ಮೊದಲು ಹಾಡುವವರ ಒಪ್ಪಿಗೆ ಕೇಳಿ. ಕೆಲವು ಹಾಡುಗಳು ದೈವದ ಮುಂದೆ ಮಾತ್ರ ಹಾಡತಕ್ಕವು, ಹೊರಗೆ ಹೋಗಬಾರದವು. ಒಪ್ಪಿದರೆ ಹಾಡಿದವರ, ವಾದ್ಯ ಹಿಡಿದ ಪ್ರತಿಯೊಬ್ಬರ ಹೆಸರನ್ನು ಅವರು ಹೇಳಿದಂತೆಯೇ ಎರಡೂ ಲಿಪಿಗಳಲ್ಲಿ ಬರೆಯಿರಿ. ಅವರು ತಮ್ಮ ಜನಾಂಗವನ್ನು, ಭಾಷೆಯನ್ನು ಏನೆಂದು ಕರೆಯುತ್ತಾರೋ ಅದನ್ನು ಬರೆಯಿರಿ. ಊರು, ದಿನ, ಸಂದರ್ಭ ಬರೆಯಿರಿ. ಬರೆಯಲು ಆಗದಿದ್ದರೆ ಗೌಹರ್ ಜಾನ್ ಮಾಡಿದಂತೆ ಮಾಡಿಸಿ: ಹಾಡು ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಹೆಸರನ್ನು ತಾವೇ ಹೇಳಲಿ.

ನನ್ನ ಕ್ಯಾಸೆಟಿನ ಪ್ರತಿಯೊಂದನ್ನು ಕೊಳವಳ್ಳಿಯ ಆ ಮನೆಗೆ ಕೊಟ್ಟು ಬಂದಿದ್ದೇನೆ. ಕೇಳಿದ ಹೆಣ್ಣುಮಗಳೊಬ್ಬರು ತುಡಿಯ ಒಂದು ಪೆಟ್ಟಿಗೆ ತಲೆಯೆತ್ತಿ, 'ಇದು ನಮ್ಮಜ್ಜನ ಕೈ ಇರಬಹುದು' ಎಂದರು. ನಾನು ಹಳೆಯ ಚೀಟಿಯ 'ಕಾಡಿನ ಹಾಡು' ಎಂಬ ಎರಡು ಪದಗಳನ್ನು ಹೊಡೆದುಹಾಕಿ, ಆ ಅಜ್ಜನ ಹೆಸರನ್ನು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಅದನ್ನು ಅಳಿಸಬಲ್ಲವರು ಯಾರಾದರೂ ಇದ್ದರೆ, ಹೊಳೆಯ ಈ ದಡದವರಾಗಲಿ ಆ ದಡದವರಾಗಲಿ, ದಯವಿಟ್ಟು ತಿಳಿಸಬೇಕು.